ಕರುಳಿನೊಳಗಿನ ಒಕ್ಕಲು



ಆಂಟಿಬಯಾಟಿಕ್ ಗುಳಿಗೆಗಳನ್ನು ಆರಂಭಿಸಿದ ಕೆಲ ದಿನಗಳಲ್ಲೇ ಹೊಟ್ಟೆ ಕೆಟ್ಟು ಭೇದಿಯಾಗುವುದು ಅನೇಕ ಮನೆಗಳ ಅನುಭವ. ಹಿರಿಯರು ಇದನ್ನು 'ಗುಳಿಗೆಯ ಉಷ್ಣ' ಎನ್ನುತ್ತಾರೆ. ಕಾರಣ ಬೇರೆಯೇ ಇದೆ. ಮಾನವದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆಯೆಂದು 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಇವುಗಳಲ್ಲಿ ಹೆಚ್ಚಿನವು ದೊಡ್ಡ ಕರುಳಿನ ನಿವಾಸಿಗಳು. ಔಷಧವು ರೋಗಾಣುಗಳೊಡನೆ ಈ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತದೆ.

ಮೊಸರಿನ ಬ್ಯಾಕ್ಟೀರಿಯಾಗಳು ಆಯುಷ್ಯವನ್ನು ಹೆಚ್ಚಿಸುತ್ತವೆಯೆಂದು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ವಿಜ್ಞಾನಿ ಮೆಚ್ನಿಕಾಫ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರತಿಪಾದಿಸಿದರು. ಬಲ್ಗೇರಿಯಾದ ರೈತರ ದೀರ್ಘಾಯುಷ್ಯಕ್ಕೆ ಹುಳಿಹಾಲೇ ಕಾರಣವೆಂಬುದು ಅವರ ನಂಬಿಕೆ. ಅವರು ನಿತ್ಯ ಹುಳಿಹಾಲು ಕುಡಿದು, 1916ರಲ್ಲಿ ತಮ್ಮ 71ನೆಯ ವಯಸ್ಸಿನಲ್ಲಿ ತೀರಿಕೊಂಡರೆನ್ನುವುದು ಬೇರೆ ಮಾತು! ಮೊಸರಿನ ಜೀವಿಗಳು ಸಾಮಾನ್ಯವಾಗಿ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ. ಅತಿಥಿಗಳಂತೆ ಬಂದು ಹೋಗುತ್ತವೆ. ಬರುವಾಗ ಜೀರ್ಣಕ್ಕೆ ನೆರವಾಗುವುದು ನಿಜ. ಹಾಲು ಒಗ್ಗದವರಿಗೂ ಮೊಸರು ಒಗ್ಗುವುದು ಅದರಿಂದಲೇ.

ಆದುದರಿಂದ ಅತಿಥಿಗಳಿಗಿಂತ ಒಕ್ಕಲಿನ ಯೋಗಕ್ಷೇಮವೇ ಮುಖ್ಯ. ಕರುಳಿನ ಬ್ಯಾಕ್ಟೀರಿಯಾಗಳಿಗೆ ಬೇಕಾದುದು ನಾರು. ನಮಗೆ ಜೀರ್ಣವಾಗದೆ ಉಳಿದ ನಾರನ್ನು ಅವು ಹುದುಗಿಸಿ ಕೆಲವು ಆಮ್ಲಗಳನ್ನು ತಯಾರಿಸುತ್ತವೆ. ಅವುಗಳಲ್ಲೊಂದಾದ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಆಹಾರ. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಪುಂಡಿಪಲ್ಯ, ಅಗಸಿಹಿಂಡಿ, ಹಸಿ ಉಳ್ಳಾಗಡ್ಡಿ - ಉತ್ತರ ಕರ್ನಾಟಕದ ಗಂಗಾಳದಲ್ಲಿ ನಾರಿಗೆ ಕೊರತೆಯೇ ಇರಲಿಲ್ಲ. ಮಾದಾರ ಚೆನ್ನಯ್ಯನ ಅಂಬಲಿಗೆ ಶಿವನೇ ಒಲಿದನೆಂಬ ಕಥೆಯನ್ನು ಭಕ್ತಿಯಿಂದ ಹೇಳುವ ನಾವು ಅಂಬಲಿಯನ್ನೇ ಮರೆತು ಮೂರು ಹೊತ್ತೂ ಬಿಳಿ ಅನ್ನ, ಮೈದಾ ತಿನಿಸುಗಳಿಗೆ ಒಲಿದಿದ್ದೇವೆ. ಇದು ಸರಿಯಲ್ಲ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುವುದರಿಂದ ಕ್ರಮೇಣ ರೂಢಿಸಿಕೊಳ್ಳಬೇಕು.

ಹೆಪ್ಪು ಹಾಕಿದ ಮೊಸರಿನ ಮಜ್ಜಿಗೆಯನ್ನು ಕಾಯಿಸದೆ ಕುಡಿಯಿರಿ; ಮಜ್ಜಿಗೆಹುಳಿ ರುಚಿಕರವಾದರೂ ಕುದಿದ ಮೇಲೆ ಅದರಲ್ಲಿ ಜೀವಾಣುಗಳು ಉಳಿಯುವುದಿಲ್ಲ. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಮುಂತಾದ ಗುಳಿಗೆಗಳನ್ನು ಮೊಸರಿನೊಡನೆ ನುಂಗಬಾರದು. ಮೊಸರಿನ ಸುಣ್ಣದಂಶ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ಗಂಟೆಗಳ ಅಂತರ ಬೇಕೆಂದು ವೈದ್ಯರನ್ನು ಕೇಳಿರಿ. ಸಾಮಾನ್ಯ ನೆಗಡಿ ವೈರಸ್ಸಿನಿಂದ ಬರುವಂಥದು. ಅದಕ್ಕೆ ಅಂಗಡಿಯಿಂದ ತಾವೇ ಆಂಟಿಬಯಾಟಿಕ್ ತಂದು ನುಂಗುವುದರಿಂದ ನೆಗಡಿ ವಾಸಿಯಾಗದು, ಕರುಳಿನ ಒಕ್ಕಲು ಮಾತ್ರ ಏಳುತ್ತದೆ.

ಕೀಮೋಥೆರಪಿಯಂಥ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಂದಿದವರು ಪ್ರೊಬಯೋಟಿಕ್ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ಸೇವಿಸಕೂಡದು. ಭೇದಿಯಲ್ಲಿ ರಕ್ತ ಕಂಡರೆ, ಜ್ವರವೇರಿದರೆ, ಮಕ್ಕಳು ಅಥವಾ ವೃದ್ಧರು ಬಳಲಿ ಮೂತ್ರ ಕಡಿಮೆಯಾದರೆ ಮಜ್ಜಿಗೆಯನ್ನೇ ನಂಬಿ ಕೂರದೆ ಓ.ಆರ್.ಎಸ್. ಕುಡಿಸುತ್ತಾ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.