ನಮ್ಮ ತಟ್ಟೆಗೆ ಮಾತ್ರ ಬೇಲಿ ಸಾಕೇ?

ಮನೆಗೆ ಸಾವಯವ ಅಕ್ಕಿ, ಬೇಳೆ, ತರಕಾರಿ ತರಬೇಕೇ ಬೇಡವೇ ಎಂಬುದು ಈಗ ನಮ್ಮ ಪಟ್ಟಣಗಳ ಮಧ್ಯಮ ವರ್ಗದ ಅಡುಗೆಮನೆಗಳಲ್ಲಿ ದೊಡ್ಡ ಚರ್ಚೆ. ಒಬ್ಬರು ಬೆಲೆ ನೋಡಿ ಹುಬ್ಬು ಗಂಟಿಕ್ಕುತ್ತಾರೆ, ಇನ್ನೊಬ್ಬರು ಮಕ್ಕಳ ಆರೋಗ್ಯದ ಮಾತೆತ್ತುತ್ತಾರೆ. ಹಸಿರು ಪ್ಯಾಕೆಟ್ಟಿನ ಮೇಲೆ ನಗುವ ಮಗುವಿನ ಚಿತ್ರವಿರುತ್ತದೆ. ಇದನ್ನು ಕೊಳ್ಳದ ತಾಯಿಗೆ ತನ್ನ ಮಗುವಿನ ಮೇಲೆ ಪ್ರೀತಿ ಸ್ವಲ್ಪ ಕಡಿಮೆ ಎಂದು ಆ ಚಿತ್ರ ಬಾಯಿಬಿಡದೆ ಹೇಳುತ್ತದೆ. ಹಾಗಾದರೆ ದಿನವಿಡೀ ಬೀಡಿ ಕಟ್ಟಿ, ಪಡಿತರದ ಅಕ್ಕಿ ಬೇಯಿಸಿ ಮಕ್ಕಳನ್ನು ಸಾಕುವ ನಮ್ಮ ಮೊಹಲ್ಲಾಗಳ ತಾಯಂದಿರಿಗೆ ಮಮತೆಯೇ ಇಲ್ಲವೇ?

ಈ ಪ್ರಶ್ನೆಯನ್ನು ವ್ಯಾಪಾರಿಗಳು ತಲೆಕೆಳಗಾಗಿ ನಿಲ್ಲಿಸಿದ್ದಾರೆ ಎಂಬುದು ನಮ್ಮ ತಕರಾರು. ತಿನ್ನುವವನ ಆರೋಗ್ಯದಿಂದ ಅವರು ಮಾತು ಶುರು ಮಾಡುತ್ತಾರೆ. ಆದರೆ ವಿಷ ಮೊದಲು ತಾಗುವುದು ಸಿಂಪಡಿಸುವವನಿಗೆ. ಆಮೇಲೆ ಅವನ ಹೆಂಡತಿ ಮಕ್ಕಳಿಗೆ, ಹೊಲದ ಪಕ್ಕದ ಬಾವಿಯ ನೀರು ಕುಡಿಯುವವರಿಗೆ. ನಮ್ಮ ತಟ್ಟೆಯ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಕಾಸರಗೋಡಿನಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ ಸುತ್ತಮುತ್ತಲೂ ಸರಕಾರಿ ಗೇರು ನಿಗಮದ ತೋಟಗಳ ಮೇಲೆ ಅದೇ ವಿಷ ಬಿತ್ತು. ಗೇರುಬೀಜ ತಿಂದವರು ಎಲ್ಲೋ ಇದ್ದರು. ಹಾಸಿಗೆ ಹಿಡಿದ ಮಕ್ಕಳು ಮಾತ್ರ ಆ ಗುಡ್ಡಗಳ ಕೆಳಗಿನ ಮನೆಗಳಲ್ಲಿದ್ದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಿ ಎಂದು ಕೇರಳ ಸರಕಾರಕ್ಕೆ ಹೇಳಿತು. 2022ರಲ್ಲಿ ಅದೇ ಕೋರ್ಟು ವಿಳಂಬಕ್ಕಾಗಿ ಅದೇ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಮಹಾರಾಷ್ಟ್ರದ ಯವತ್ಮಾಳದಲ್ಲಿ 2017ರಲ್ಲಿ ಹತ್ತಿ ಹೊಲಗಳಿಗೆ ಕೀಟನಾಶಕ ಹೊಡೆಯುತ್ತಲೇ 20ಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ಹತ್ತಿಯನ್ನು ಯಾರೂ ಉಣ್ಣುವುದಿಲ್ಲ. 1984ರ ಡಿಸೆಂಬರಿನಲ್ಲಿ ಭೋಪಾಲದ ಬಡವರ ಬಸ್ತಿಗಳಿಗೆ ಸಾವು ಹಂಚಿದ ಕಾರ್ಖಾನೆ ತಯಾರಿಸುತ್ತಿದ್ದುದೂ ಕೀಟನಾಶಕವನ್ನೇ. ಈ ಸತ್ತವರಲ್ಲಿ ಯಾರನ್ನು ಸಾವಯವ ಪ್ಯಾಕೆಟ್ಟು ಉಳಿಸುತ್ತಿತ್ತು?

ಇನ್ನೊಂದು ಕಡೆ ಬುದ್ಧಿವಂತರ ಗುಂಪೊಂದಿದೆ. ಸಾವಯವ ಎನ್ನುವುದೆಲ್ಲ ಬರೀ ಮೋಸ, ಸುಮ್ಮನೆ ಬಾಯಿಮುಚ್ಚಿ ಸಿಕ್ಕಿದ್ದನ್ನು ತಿನ್ನಿ ಎಂದು ಇವರು ಉಪದೇಶಿಸುತ್ತಾರೆ. ಸಾವಯವದ ಹೆಸರಿನಲ್ಲಿ ಮೋಸ ನಡೆಯುತ್ತದೆ ಎಂಬುದನ್ನು ಅಲ್ಲಗಳೆಯುವವರು ನಾವಲ್ಲ. ಹಾಲಿಗೆ ನೀರು ಬೆರೆಸುವವರಿದ್ದಾರೆಂದು ಹಾಲೇ ಸುಳ್ಳಾಗುತ್ತದೆಯೇ? ಸಾವಯವ ಆಹಾರದ ಮಾರಾಟಕ್ಕೆಂದೇ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ನಿಯಮ ಮಾಡಿತು, ಜೈವಿಕ್ ಭಾರತ್ ಎಂಬ ಮುದ್ರೆಯನ್ನು ತಂದಿತು. ರಾಸಾಯನಿಕ ಬಿಟ್ಟ ಹೊಲ ಪ್ರಮಾಣಪತ್ರ ಪಡೆಯಲು ಸಾಮಾನ್ಯವಾಗಿ 2ರಿಂದ 3 ವರ್ಷ ಕಾಯಬೇಕು. ಆ ವರ್ಷಗಳಲ್ಲಿ ಇಳುವರಿ ಬಿದ್ದರೂ ರೈತನಿಗೆ ಸಾವಯವದ ಪೂರ್ತಿ ಬೆಲೆ ಸಿಗುವುದಿಲ್ಲ. ಪ್ಯಾಕೆಟ್ಟಿನ ಬೆಲೆಯಲ್ಲಿ ಅವನ ಪಾಲೆಷ್ಟು, ಬಣ್ಣದ ಕಾಗದದ ಪಾಲೆಷ್ಟು ಎಂದು ಕೇಳುವುದು ಬಿಟ್ಟು ಅವನನ್ನೇ ಕಳ್ಳನೆನ್ನುವುದು ಯಾವ ನ್ಯಾಯ?

ಆರೋಗ್ಯದ ಲೆಕ್ಕವನ್ನೂ ನೇರವಾಗಿ ಮಾಡೋಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ 2012ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಸಾವಯವ ಆಹಾರದಲ್ಲಿ ಪೋಷಕಾಂಶ ಗಣನೀಯವಾಗಿ ಹೆಚ್ಚು ಎನ್ನಲು ಬಲವಾದ ಪುರಾವೆ ಇಲ್ಲ, ಕೀಟನಾಶಕದ ಶೇಷ ಮಾತ್ರ ಕಡಿಮೆ. ಅಂದರೆ ಸಾವಯವ ಬಿಸ್ಕತ್ತು ತಿಂದ ಮಗು ಜಾಣನಾಗುವುದಿಲ್ಲ. ಸಾವಯವ ಸಕ್ಕರೆಯೂ ಸಕ್ಕರೆಯೇ. ಸಾವಯವದ ದುಬಾರಿ ಬೆಲೆ ಕೊಡಲಾಗದೆ ತರಕಾರಿಯನ್ನೇ ಕಡಿಮೆ ಮಾಡುವ ಮನೆ ಎರಡು ಸಲ ಸೋಲುತ್ತದೆ.

ಹಾಗಾದರೆ ಕೊಳ್ಳಬೇಕೇ, ಬೇಡವೇ? ಕೈಯಲ್ಲಿ ಹಣವಿದ್ದವರು ಖಂಡಿತ ಕೊಳ್ಳಬೇಕು, ಆದರೆ ಕಣ್ಣುಬಿಟ್ಟು ಕೊಳ್ಳಬೇಕು. ಕರಿಬೇವು, ಹಸಿಮೆಣಸು, ಹೂಕೋಸು, ದ್ರಾಕ್ಷಿಗಳಿಗೆ ಬೀಳುವ ಔಷಧಿ ಹೆಚ್ಚು. ಬೆಳೆಯ ಒಳಗೇ ಹರಿಯುವ ಕೆಲವು ಕೀಟನಾಶಕಗಳನ್ನು ಎಷ್ಟು ತೊಳೆದರೂ ತೆಗೆಯಲಾಗದು. ಹೆಚ್ಚಿನ ದುಡ್ಡನ್ನು ಇಂಥವಕ್ಕೆ ಕೊಡಿ. ಮಳೆಯನ್ನೇ ನಂಬಿದ ರಾಗಿಗೆ ಕೀಟನಾಶಕ ಹೊಡೆಯುವುದು ತೀರಾ ಕಡಿಮೆ. ಹಿತ್ತಿಲ ಹಲಸು, ನುಗ್ಗೆ, ಬಸಳೆಗೆ ಯಾವ ಮುದ್ರೆಯೂ ಬೇಡ. ಕರಿಬೇವಿನ ಗಿಡಕ್ಕೆ ಬೇಕಾದುದು ಬಾಡಿಗೆ ಮನೆಯ ಮೆಟ್ಟಿಲ ಪಕ್ಕದಲ್ಲಿ ಒಂದು ಹಳೆಯ ಬಕೆಟ್ಟು ಮಾತ್ರ. ಅಕ್ಕಿಯನ್ನು ಸಾಧ್ಯವಾದಷ್ಟು ಬೆಳೆದವನಿಂದಲೇ ತನ್ನಿ. ಗ್ರಾಹಕನಿಗೆ ನೇರವಾಗಿ ಮಾರುವ, ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು ಮೀರದ ಸಣ್ಣ ಬೆಳೆಗಾರರಿಗೆ 2017ರ ನಿಯಮಗಳೇ ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟವು. ಅಲ್ಲಿ ಮುದ್ರೆಯ ಕೆಲಸವನ್ನು ಪರಿಚಯ ಮಾಡುತ್ತದೆ, ಗದ್ದೆಗೆ ಹೋಗಿ ನೋಡಿದ ಕಣ್ಣು ಮಾಡುತ್ತದೆ.

ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ಎಂಬ ರೈತರಿದ್ದಾರೆ. ಸಾವಿರಕ್ಕೂ ಮಿಕ್ಕಿದ ಭತ್ತದ ತಳಿಗಳನ್ನು ಬೆಳೆಸಿ ಉಳಿಸಿದ್ದಾರೆ. ಟಿಪ್ಪುವಿನ ಕಾಲದ್ದೆಂದು ಹೇಳಲಾಗುವ ಹಿರಿಯರ ಮಾವಿನ ತೋಟವನ್ನೂ ಕಾಪಾಡಿಕೊಂಡು ಬಂದಿದ್ದಾರೆ. ಟಿಪ್ಪುವಿನ ಹೆಸರಿನಲ್ಲಿ ವರ್ಷವರ್ಷವೂ ಬಡಿದಾಡುವ ನಮ್ಮ ರಾಜಕಾರಣಿಗಳಲ್ಲಿ, ಆ ತೋಟದ ಒಂದು ಹಣ್ಣಿನ ಹೆಸರು ಬಲ್ಲವರು ಎಷ್ಟು ಮಂದಿ? ಇಂಥವರ ಅಕ್ಕಿ ನಮ್ಮ ಮದುವೆಯ ಬಿರಿಯಾನಿಗೆ ಯಾಕೆ ಬರಬಾರದು? ಪರವೂರಿನ ಬಾಸ್ಮತಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಇವರಿಗೆ ಹೋದರೆ ಒಂದು ತಳಿ ಉಳಿಯುತ್ತದೆ, ಒಂದು ಗದ್ದೆ ವಿಷವಿಲ್ಲದೆ ಉಸಿರಾಡುತ್ತದೆ.

ಆದರೆ ಕೊಂಡುಕೊಂಡು ಬಂದ ಮಾತ್ರಕ್ಕೆ ನಮ್ಮ ಹೊಣೆ ತೀರಿತೆಂದು ಭಾವಿಸುವುದನ್ನು ನಾವು ಒಪ್ಪುವುದಿಲ್ಲ. ಸಾವಯವ ಕೃಷಿ ನೀತಿಯನ್ನು 2004ರಲ್ಲೇ ತಂದ ರಾಜ್ಯ ನಮ್ಮದು. ನಮ್ಮ ಅಂಗನವಾಡಿಗಳ ಮಕ್ಕಳು, ಶಾಲೆಗಳಲ್ಲಿ ಬಿಸಿಯೂಟ ಉಣ್ಣುವ ಮಕ್ಕಳು ಯಾವ ಹಸಿರು ಪ್ಯಾಕೆಟ್ಟನ್ನೂ ಆರಿಸಿಕೊಳ್ಳಲಾರರು. ಅವರ ತಟ್ಟೆಗೆ ಬೀಳುವ ಬೇಳೆ, ತರಕಾರಿಯನ್ನು ಪರೀಕ್ಷೆ ಮಾಡಿ ಫಲಿತಾಂಶವನ್ನು ಶಾಲೆಯ ಗೋಡೆಗೆ ಅಂಟಿಸಿ ಎಂದು ಕೇಳೋಣ. 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಆದೇಶವನ್ನು ಕೇಂದ್ರ ಸರಕಾರ 2020ರ ಮೇಯಲ್ಲಿ ಹೊರಡಿಸಿತು. 2023ರಲ್ಲಿ ಕೊನೆಗೂ ನಿಷೇಧ ಬಿದ್ದದ್ದು ಅವುಗಳಲ್ಲಿ ಬೆರಳೆಣಿಕೆಯವುಗಳ ಮೇಲೆ. ಉಳಿದವು ಯಾರ ಒತ್ತಡದಿಂದ ಪಾರಾದವು ಎಂದು ನಮ್ಮ ಸಂಸದರನ್ನು ಕೇಳೋಣ. ಔಷಧಿ ಮಾರುವವನೇ ರೈತನಿಗೆ ಸಲಹೆಗಾರನಾಗಿರುವ ಈ ಅವಸ್ಥೆ ಎಂದು ಮುಗಿಯುತ್ತದೆ ಎಂದು ಕೃಷಿ ಇಲಾಖೆಯನ್ನು ಕೇಳೋಣ.

ಹಣವಿದ್ದವನಿಗೆ ಶುದ್ಧ ನೀರಿನ ಬಾಟಲಿ, ಇಲ್ಲದವನಿಗೆ ಕೊಳಕು ನಲ್ಲಿ ಎಂಬ ವ್ಯವಸ್ಥೆಗೆ ನಾವು ಆಗಲೇ ಒಗ್ಗಿಹೋಗಿದ್ದೇವೆ. ಬಾಟಲಿ ಬಂದ ಮೇಲೆ ನಲ್ಲಿಗಾಗಿ ಬೀದಿಗಿಳಿಯುವವರು ಕಡಿಮೆಯಾದರು. ಅನ್ನಕ್ಕೂ ಅದೇ ಗತಿ ಬರಕೂಡದು. ಸಾವಯವ ಅಕ್ಕಿ ಕೊಳ್ಳಬಲ್ಲ ಪ್ರತಿಯೊಂದು ಮನೆಯೂ ಕೊಳ್ಳಲಾಗದ ಮನೆಯ ಪರವಾಗಿ ಒಂದು ಪ್ರಶ್ನೆಯನ್ನಾದರೂ ಸರಕಾರಕ್ಕೆ ಕೇಳಬೇಕು. ಅಷ್ಟನ್ನೂ ಕೇಳದವರು ಕೊಂಡದ್ದು ತಮ್ಮ ಮನಸ್ಸಿನ ನೆಮ್ಮದಿಯನ್ನು ಮಾತ್ರ.