ಒಂದಕ್ಷರಕ್ಕೆ ಒಂಬತ್ತು ಸೊನ್ನೆ

ಪೇಟೆಬೀದಿಯ ಅಂಗಡಿಕಾರನಿಗೆ ಲೆಕ್ಕ ಹೇಳಿಕೊಡುವವರು ಇನ್ನೂ ಹುಟ್ಟಬೇಕು. ಬಸ್ಸಿನಲ್ಲಿ ಜೋತುಬಿದ್ದು ಮೊಬೈಲು ನೋಡುವ ನೌಕರನಿಗೂ ಪೈಸೆ ಪೈಸೆಯ ಲೆಕ್ಕ ಬಾಯಿಪಾಠ. ಆದರೂ ಇಬ್ಬರೂ ಇವತ್ತು ಒಂದೇ ಒಂದು ಇಂಗ್ಲಿಷ್ ಅಕ್ಷರದ ಮುಂದೆ ತಬ್ಬಿಬ್ಬು. ಅಂಕಿಯ ಬಾಲಕ್ಕೆ ಅಂಟಿಕೊಂಡ ಕೆ, ಎಂ, ಬಿ, ಟಿ ಎಂಬ ಅಕ್ಷರಗಳು ಸೊನ್ನೆಗಳನ್ನೆಲ್ಲ ನುಂಗಿ ಕೂತಿವೆ.

ನುಂಗಿದ್ದೆಷ್ಟು? ಕೆ ಅಂದರೆ ಸಾವಿರ, 'ಕಿಲೋ'ದ ಮೊದಲಕ್ಷರ. ಕಿಲೋ ಅಂದರೆ ಸಾವಿರ ಗ್ರಾಮು ಅಂತ ತಕ್ಕಡಿ ಹಿಡಿದವರಿಗೆ ಹೇಳಬೇಕಿಲ್ಲ. ಎಂ ಅಂದರೆ ಮಿಲಿಯನ್, ಹತ್ತು ಲಕ್ಷ. ಬಿ ಅಂದರೆ ಬಿಲಿಯನ್, ಒಂದರ ಮುಂದೆ ಒಂಬತ್ತು ಸೊನ್ನೆ, ನೂರು ಕೋಟಿ. ಟಿ ಅಂದರೆ ಟ್ರಿಲಿಯನ್, ಲಕ್ಷ ಕೋಟಿ. ಸಿನಿಮಾ ಹಾಡಿಗೆ 1.5 ಎಂ ವೀಕ್ಷಣೆ ಅಂದರೆ 15 ಲಕ್ಷ, ಒಂದೂವರೆ ಲಕ್ಷವಲ್ಲ.

ಇಷ್ಟೇ ಆಗಿದ್ದರೆ ಬಾಯಿಪಾಠ ಮಾಡಿ ಮುಗಿಸಬಹುದಿತ್ತು. ಆದರೆ ಈ ಅಕ್ಷರಗಳಿಗೆ ನಿಯತ್ತೇ ಇಲ್ಲ. ರೋಮನ್ ಅಂಕಿಯಲ್ಲಿ ಎಂ ಅಂದರೆ ಬರೀ ಸಾವಿರ. ಅದಕ್ಕೇ ಹಣಕಾಸಿನ ಕೆಲವು ಕಾಗದಗಳಲ್ಲಿ ಇಂದಿಗೂ 'ಸಾವಿರ ಸಾವಿರ' ಎಂಬರ್ಥದಲ್ಲಿ ಎಂಎಂ ಎಂದು ಬರೆದು ಹತ್ತು ಲಕ್ಷ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಹಿಂದೆ ಬಿಲಿಯನ್ ಅಂದರೆ ಲಕ್ಷ ಕೋಟಿಯಾಗಿತ್ತು. ಇನ್ನು ಮುಂದೆ ಸರ್ಕಾರಿ ಅಂಕಿಅಂಶಗಳಲ್ಲಿ ಅದು ಅಮೆರಿಕದವರ ಲೆಕ್ಕದಂತೆ ನೂರು ಕೋಟಿ ಎಂದು 1974ರಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಪಾರ್ಲಿಮೆಂಟಿಗೆ ತಿಳಿಸಬೇಕಾಯಿತು. ಇಂಗ್ಲಿಷರಿಗೇ ಗೊಂದಲವಾದದ್ದು ದಿನಸಿ ಅಂಗಡಿಯವನಿಗೆ ಆಗಬಾರದೇ?

ನಮ್ಮ ಕಡೆಯ ಅಕ್ಷರಗಳೂ ಸಾಚಾ ಅಲ್ಲ. ಸೈಟಿನ ಜಾಹೀರಾತಿನಲ್ಲಿ ಸಿಆರ್ ಅಂದರೆ ಕೋಟಿ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅದೇ ಸಿಆರ್ ಅಂದರೆ ಜಮಾ! 

ನಗುವ ಮಾತಲ್ಲ, ಜೇಬಿನ ಮಾತು. ಈಗ ಮೊಬೈಲಿನಲ್ಲೇ ಷೇರು ಕೊಳ್ಳುವವರು ಬೀದಿಬೀದಿಯಲ್ಲೂ ಇದ್ದಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲೆಕ್ಕಪತ್ರವನ್ನು ಲಕ್ಷದಲ್ಲಿ ಕೊಡಬಹುದು, ಮಿಲಿಯನ್‌ನಲ್ಲಿ ಕೊಡಬಹುದು, ಕೋಟಿಯಲ್ಲೂ ಕೊಡಬಹುದು. ಯಾವುದರಲ್ಲಿ ಎಂಬುದು ಹಾಳೆಯ ಮೂಲೆಯಲ್ಲಿರುತ್ತದೆ, ಸಣ್ಣಕ್ಷರದಲ್ಲಿ. ಒಂದು ಕಂಪನಿಯ ಲಾಭ 500 ಅಂತಲೂ ಇನ್ನೊಂದರದು 80 ಅಂತಲೂ ಇಟ್ಟುಕೊಳ್ಳಿ. ಮೊದಲನೆಯದು ಮಿಲಿಯನ್ ರೂಪಾಯಿ ಲೆಕ್ಕವಾದರೆ 50 ಕೋಟಿ. ಎರಡನೆಯದು ಕೋಟಿ ಲೆಕ್ಕವಾದರೆ 80 ಕೋಟಿ. ಈಗ ಹೇಳಿ, ದೊಡ್ಡದು ಯಾವುದು? 500 ನೋಡಿ ಮರುಳಾದವನು ಮೂಲೆ ನೋಡಿರುವುದಿಲ್ಲ. ಅದರ ಮೇಲೆ ಡಾಲರ್ ಚಿಹ್ನೆ ಬೇರೆ ಇದ್ದರೆ ಮುಗಿದೇಹೋಯಿತು. 1 ಎಂ ಡಾಲರ್ ಅಂದರೆ ಹತ್ತು ಲಕ್ಷ ರೂಪಾಯಿಯಲ್ಲ, ಹತ್ತು ಲಕ್ಷ ಡಾಲರ್. ಅಂದಿನ ದರದಿಂದ ಗುಣಿಸಿದರೆ ಮಾತ್ರ ರೂಪಾಯಿ.

ಸಾವಿರ, ಲಕ್ಷ, ಕೋಟಿ ಎಂಬ ಅಚ್ಚುಕಟ್ಟಾದ ಮಾತುಗಳಿರುವಾಗ ಕನ್ನಡಿಗನಿಗೆ ಈ ಒಗಟು ಯಾಕೆ? ಬ್ಯಾಂಕುಗಳು, ಷೇರು ಮಾರುವವರು, ಪತ್ರಿಕೆಗಳೂ ಸೇರಿದಂತೆ ಅಂಕಿ ಅಚ್ಚು ಮಾಡುವ ಎಲ್ಲರೂ ಪೂರ್ತಿ ಪದ ಬರೆಯಲಿ. ಎರಡಕ್ಷರ ಹೆಚ್ಚಾದರೆ ಯಾರ ಗಂಟೂ ಹೋಗುವುದಿಲ್ಲ, ಕಡಿಮೆಯಾದರೆ ಓದುವವನ ಗಂಟು ಹೋದೀತು.

ಅಲ್ಲಿಯತನಕ ಗಿರಾಕಿ ಎಚ್ಚರದಿಂದಿರಬೇಕು. ಅಕ್ಷರ ಮೊದಲು, ಅಂಕಿ ಆಮೇಲೆ. ತಕ್ಕಡಿಯ ಬಟ್ಟು ನೋಡದೆ ತೂಕ ಒಪ್ಪಿಕೊಳ್ಳುವ ವ್ಯಾಪಾರಿ ಈ ಜಿಲ್ಲೆಯಲ್ಲಿ ಯಾರಿದ್ದಾರೆ ಸ್ವಾಮಿ?