ನಾರ್ವೆಯ ವಿಹಾರನೌಕೆಗಳು: ಒಂದು ಭಿನ್ನಾಭಿಪ್ರಾಯ

ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ "ಪ್ರವಾಸವೇ ಪರಮ ಶಿಕ್ಷಣ" ಎಂಬ ವಿಷಯವಾಗಿ ನಡೆದ ಸ್ಪರ್ಧೆಯನ್ನು ಸಹಪಾಠಿ ಮಿತ್ರರು ಮರೆತಿರಲಾರರು. ಅಂದು ಬಹುಮಾನ ಪಡೆದವರು ತಮ್ಮ ಭಾಷಣದ ಕೊನೆಗೆ ನಾರ್ವೆ ದೇಶದ ವಿಹಾರನೌಕೆಗಳನ್ನು ಬಹು ಸೊಗಸಾಗಿ ವರ್ಣಿಸಿದರು. ಹನ್ನೆರಡು ಅಂತಸ್ತಿನ ಹಡಗು, ಇಕ್ಕೆಲಗಳಲ್ಲಿ ಹಿಮ ಹೊತ್ತ ಪರ್ವತಗಳು, ಗೈರಾಂಗರಿನ ಜಲಪಾತಗಳ ಮೇಲೆ ನಡುರಾತ್ರಿಯ ಸೂರ್ಯ! ಇಂಥ ಯಾತ್ರೆಯನ್ನು ಜನ್ಮದಲ್ಲಿ ಒಮ್ಮೆಯಾದರೂ ಮಾಡದವನ ವಿದ್ಯೆ ಅಪೂರ್ಣವೆಂದು ಅವರು ಹೇಳಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆನು. ಎದ್ದು ನಿಂತು ಎದುರು ಮಾತನಾಡುವ ಧೈರ್ಯ ನನಗಿರಲಿಲ್ಲ. ಅಂದು ನುಂಗಿಕೊಂಡ ಮಾತನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಮೊದಲು ಒಂದು ಸಣ್ಣ ತಿದ್ದುಪಡಿ. ಗೈರಾಂಗರ್ ಆರ್ಕ್ಟಿಕ್ ವೃತ್ತಕ್ಕಿಂತ ಬಹಳ ದಕ್ಷಿಣಕ್ಕಿದೆ. ಅಲ್ಲಿ ಬೇಸಗೆಯ ಇರುಳು ಬೆಳಕಾಗಿರುವುದು ನಿಜವಾದರೂ ಸೂರ್ಯನು ಮುಳುಗಿಯೇ ಮುಳುಗುತ್ತಾನೆ. ಮುಳುಗದ ಸೂರ್ಯನನ್ನು ಕಾಣಬೇಕಾದರೆ ಇನ್ನೂ ಉತ್ತರಕ್ಕೆ ಹೋಗಬೇಕು. ನಾರ್ತ್ ಕೇಪ್ ಎಂಬ ಭೂಶಿರದಲ್ಲಿ ಮೇ ತಿಂಗಳ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯಾಸ್ತವಿಲ್ಲ. ಈ ತಪ್ಪಿನಿಂದ ಬಹುಮಾನಕ್ಕೇನೂ ಬಾಧಕ ಬರಲಿಲ್ಲವೆಂಬುದು ಬೇರೆ ಮಾತು.

ಆ ಪ್ರದೇಶದ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಹಿಮಯುಗದ ನೀರ್ಗಲ್ಲ ನದಿಗಳು ಲಕ್ಷಾಂತರ ವರ್ಷಗಳ ಕಾಲ ಬಂಡೆಯನ್ನು ಕೊರೆದು ಆಳವಾದ ಕಣಿವೆಗಳನ್ನು ಮಾಡಿದವು. ಹಿಮ ಕರಗಿದ ಮೇಲೆ ಕಡಲು ಒಳನುಗ್ಗಿತು. ಅವುಗಳಿಗೇ ಫಿಯಾರ್ಡ್ ಎಂದು ಹೆಸರು. ಸೋಗ್ನೆ ಫಿಯಾರ್ಡ್ 200 ಕಿಲೋಮೀಟರಿಗೂ ಹೆಚ್ಚು ದೂರ ಒಳನಾಡಿಗೆ ಚಾಚಿದೆ. ಅದರ ಅತ್ಯಧಿಕ ಆಳ ಸುಮಾರು 1,300 ಮೀಟರ್. ಗೈರಾಂಗರಿನ ಉದ್ದ 15 ಕಿಲೋಮೀಟರ್ ಮಾತ್ರ. ಆದರೆ ಅದರ ಗೋಡೆಗಳು ನೀರಿನಿಂದ ನೆಟ್ಟಗೆ ಮೇಲೆದ್ದಿವೆ. ಅದನ್ನೂ ನೇರೋಯ್ ಫಿಯಾರ್ಡನ್ನೂ ಯುನೆಸ್ಕೋ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಆ ಗೋಡೆಗಳ ಮೇಲೆ ಮನೆಗಳಿವೆ! ಗೈರಾಂಗರಿನ ಬಂಡೆಯ ಮೇಲೆ, ನೀರಿನಿಂದ ನೂರಾರು ಮೀಟರ್ ಎತ್ತರದಲ್ಲಿ, ಒಂದಂಗೈ ಅಗಲದ ಹುಲ್ಲುಗಾವಲನ್ನು ನಂಬಿ ಒಕ್ಕಲುಗಳು ತಲೆಮಾರುಗಳ ಕಾಲ ಬದುಕಿದವು. ಆಡು ಸಾಕಿದರು, ಹುಲ್ಲು ಕೊಯ್ದರು. ಮಕ್ಕಳು ಕೆಳಗೆ ಬೀಳದಂತೆ ಸೊಂಟಕ್ಕೆ ಹಗ್ಗ ಕಟ್ಟಿ ಆಡಲು ಬಿಡುತ್ತಿದ್ದರಂತೆ. ಕಂದಾಯದ ಅಧಿಕಾರಿ ಬರುತ್ತಿದ್ದಾನೆಂದು ಗೊತ್ತಾದರೆ ಏಣಿಯನ್ನು ಮೇಲಕ್ಕೆಳೆದುಕೊಳ್ಳುತ್ತಿದ್ದರೆಂದು ಸ್ಕಾಗೆಫ್ಲೊ ಎಂಬ ಮನೆಯ ವಿಷಯವಾಗಿ ಇಂದಿಗೂ ಕಥೆ ಹೇಳುತ್ತಾರೆ. ಆ ಮನೆಗಳೆಲ್ಲ ಈಗ ಬರಿದಾಗಿವೆ; ಹಡಗಿನ ಮೇಲಿನವರು ದುರ್ಬೀನಿನಲ್ಲಿ ನೋಡಿ ಚಿತ್ರ ತೆಗೆಯುತ್ತಾರೆ. ಒಬ್ಬರ ಬಾಳುವೆ ಇನ್ನೊಬ್ಬರ ದೃಶ್ಯವಾಗುವುದು ಹೀಗೆ. ನಮ್ಮ ಮನೆಯವರು ದಕ್ಕೆಯ ಮೇಲೆ ಬಲೆ ಹೆಣೆಯುತ್ತಿದ್ದಾಗ ಪ್ರವಾಸಿಗಳು ಫೋಟೋ ತೆಗೆದುದನ್ನು ನಾನು ನೋಡಿದ್ದೇನೆ. ಅಪ್ಪನಿಗೆ ಕೋಪ ಬರಲಿಲ್ಲ, ಸೋಜಿಗವಾಯಿತು.

ನಾರ್ವೆಯ ಕರಾವಳಿಯಲ್ಲಿ ಹಡಗು ಮೊದಲು ವಿಹಾರಕ್ಕೆ ಬಂದುದಲ್ಲ. ಉತ್ತರದ ಊರುಗಳಿಗೆ ರಸ್ತೆಯಿರಲಿಲ್ಲ, ಚಳಿಗಾಲದಲ್ಲಿ ಕಾಗದ ತಲುಪಲು ತಿಂಗಳುಗಳು ಹಿಡಿಯುತ್ತಿದ್ದವು. ರಿಚರ್ಡ್ ವಿತ್ ಎಂಬ ನಾವಿಕನು 1893ರಲ್ಲಿ ‘ವೆಸ್ಟರಾಲೆನ್’ ಎಂಬ ಉಗಿಹಡಗಿನಲ್ಲಿ ಟ್ರಾಂಡ್‌ಹೈಮಿನಿಂದ ಹ್ಯಾಮರ್‌ಫೆಸ್ಟಿಗೆ ನಿಯತವಾದ ಸಂಚಾರವನ್ನು ಆರಂಭಿಸಿದನು. ಕತ್ತಲೆಯ ಚಳಿಗಾಲದಲ್ಲಿಯೂ ಹಡಗು ನಡೆಸಬಹುದೆಂದು ತೋರಿಸಿದ್ದೇ ಅವನ ಸಾಹಸ. ಹುರ್ಟಿಗ್ರೂಟನ್, ಎಂದರೆ ವೇಗದ ಮಾರ್ಗ, ಎಂದು ಅದಕ್ಕೆ ಹೆಸರಾಯಿತು. ಬರ್ಗನ್ನಿನಿಂದ ರಷ್ಯದ ಗಡಿಯ ಬಳಿಯ ಕಿರ್ಕೆನೆಸ್ಸಿನವರೆಗೆ 34 ಬಂದರುಗಳನ್ನು ಮುಟ್ಟುತ್ತಾ ಆ ದಾರಿಯಲ್ಲಿ ಇಂದಿಗೂ ಹಡಗುಗಳು ಓಡುತ್ತಿವೆ. ಪ್ರವಾಸಿಗಳಿದ್ದಾರೆ, ಹೌದು. ಆದರೆ ಅವರ ಜೊತೆಗೆ ಪಕ್ಕದೂರಿಗೆ ಹೋಗುವ ಹೆಂಗಸೂ ಇದ್ದಾಳೆ, ಸರಕಿನ ಪೆಟ್ಟಿಗೆಯೂ ಇದೆ. ನಡುರಾತ್ರಿ ಯಾವುದೋ ಸಣ್ಣ ದಕ್ಕೆಗೆ ಹಡಗು ತಾಗುವುದು ಅವರಿಗೆ ಸೂರ್ಯನನ್ನು ತೋರಿಸಲೆಂದಲ್ಲ, ಸಾಮಾನು ಇಳಿಸಲೆಂದು. ಇಂಥ ಹಡಗಿನಲ್ಲಿ ಹೋಗುವುದು ಶಿಕ್ಷಣವೆಂದರೆ ನಾನು ಮನಸಾರೆ ಒಪ್ಪುತ್ತೇನೆ.

ವಿಹಾರಕ್ಕೆಂದೇ ಬಂದವರ ಪರಂಪರೆಯೂ ಹಳೆಯದೇ. ಥಾಮಸ್ ಕುಕ್ ಕಂಪೆನಿಯು 1875ರಲ್ಲಿಯೇ ನಾರ್ತ್ ಕೇಪಿಗೆ ಪ್ರವಾಸಿಗಳನ್ನು ಕರೆದೊಯ್ದಿತ್ತು. ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನು 1889ರಿಂದ ಬಹುತೇಕ ಪ್ರತಿ ಬೇಸಗೆಯೂ ತನ್ನ ನೌಕೆಯಲ್ಲಿ ಇಲ್ಲಿಗೆ ಬರುತ್ತಿದ್ದನು. 1914ರ ಜುಲೈನಲ್ಲಿ ಯೂರೋಪು ಯುದ್ಧದ ಕಡೆಗೆ ಜಾರುತ್ತಿದ್ದಾಗಲೂ ಅವನು ಸೋಗ್ನೆ ಫಿಯಾರ್ಡಿನಲ್ಲಿ ವಿಹರಿಸುತ್ತಿದ್ದನೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ನೆನಪಿಡಬಹುದು.

ಇಂದಿನ ವಿಹಾರನೌಕೆ ಇವೆರಡಕ್ಕಿಂತಲೂ ಬೇರೆಯ ವಸ್ತು. ಅದು ತೇಲುವ ಪಟ್ಟಣ. ಗೈರಾಂಗರ್ ಹಳ್ಳಿಯಲ್ಲಿ ವರ್ಷವಿಡೀ ನೆಲೆಸಿರುವವರು ಕೆಲವು ನೂರು ಜನ. ಒಂದು ದೊಡ್ಡ ಹಡಗು ಲಂಗರು ಹಾಕಿದರೆ ಅದರ ಹತ್ತು ಪಾಲು ಜನ ಒಂದೇ ಬೆಳಿಗ್ಗೆ ಇಳಿಯುತ್ತಾರೆ. ಊಟ ಹಡಗಿನಲ್ಲಿ, ನಿದ್ರೆ ಹಡಗಿನಲ್ಲಿ. ಹಳ್ಳಿಗೆ ಉಳಿಯುವುದು ಒಂದಿಷ್ಟು ವ್ಯಾಪಾರ, ಒಂದಿಷ್ಟು ಬಸ್ಸಿನ ಬಾಡಿಗೆ. ಗಾಳಿಯಾಡದ ದಿನ ಹೊಗೆಯು ಕಣಿವೆಯಿಂದ ಹೊರಗೆ ಹೋಗಲಾರದೆ ಬೆಟ್ಟಗಳ ನಡುವೆ ನೀಲಿಯ ಪರದೆಯಂತೆ ನಿಂತುಬಿಡುತ್ತದೆ. ನಾರ್ವೆಯ ಸಂಸತ್ತು ಇದನ್ನು ಕಂಡೇ 2018ರಲ್ಲಿ, ಪರಂಪರೆಯ ಪಟ್ಟಿಯಲ್ಲಿರುವ ಫಿಯಾರ್ಡುಗಳಲ್ಲಿ ಹೊಗೆಯುಗುಳುವ ಪ್ರವಾಸಿ ಹಡಗುಗಳು 2026ರೊಳಗೆ ನಿಲ್ಲಬೇಕೆಂದು ನಿರ್ಣಯ ಮಾಡಿತು. ಆದರೆ ಗಡುವು ಹತ್ತಿರವಾದಾಗ ಸರ್ಕಾರವು ಅದನ್ನು ಎರಡಾಗಿ ಸೀಳಿತು: 10,000 ಟನ್ನೇಜಿಗಿಂತ ಸಣ್ಣ ಹಡಗುಗಳಿಗೆ 2026ರ ಜನವರಿ, ದೊಡ್ಡವುಗಳಿಗೆ 2032. ಹೆಚ್ಚು ಹೊಗೆಯುಗುಳುವುದಕ್ಕೆ ಹೆಚ್ಚು ಕಾಲಾವಕಾಶ! ತಕ್ಕ ಯಂತ್ರಗಳೂ ಇಂಧನವೂ ಇನ್ನೂ ಸಿದ್ಧವಾಗಿಲ್ಲವೆಂಬುದು ಅವರ ಸಮಾಧಾನ. ನನಗದು ಪೂರ್ತಿ ಒಪ್ಪಿಗೆಯಾಗಿಲ್ಲ. ಗಡುವು ಸಡಿಲವಾದರೆ ಯಂತ್ರವೂ ನಿಧಾನವಾಗಿಯೇ ಸಿದ್ಧವಾಗುತ್ತದೆ. ಪರೀಕ್ಷೆಯ ದಿನಾಂಕ ಮುಂದಕ್ಕೆ ಹೋದಾಗ ನಾವು ಓದುವ ರೀತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೂ ಉತ್ತರದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಅದೇ ಸರ್ಕಾರ ಗಟ್ಟಿಯಾಗಿ ನಿಂತಿದೆ. ಅಲ್ಲಿನ ರಕ್ಷಿತ ಪ್ರದೇಶಗಳಿಗೆ 2025ರ ಜನವರಿಯಿಂದ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಹೋಗುವಂತಿಲ್ಲ.

ಆ ಕಡಲು ಆಟದ ಮೈದಾನವೂ ಅಲ್ಲ. 2019ರ ಮಾರ್ಚ್ 23ರಂದು ‘ವೈಕಿಂಗ್ ಸ್ಕೈ’ ಎಂಬ ವಿಹಾರನೌಕೆಯು ಹುಸ್ಟಾಡ್ವಿಕಾ ಎಂಬಲ್ಲಿ ಬಿರುಗಾಳಿಗೆ ಸಿಕ್ಕಿ, ಯಂತ್ರಗಳು ನಿಂತು, ಬಂಡೆಗಳ ಕಡೆಗೆ ತೇಲಿತು. ಹಡಗಿನಲ್ಲಿದ್ದವರು 1,373 ಜನ. ಅವರಲ್ಲಿ 479 ಮಂದಿಯನ್ನು ಹೆಲಿಕಾಪ್ಟರಿನಿಂದ ಒಬ್ಬೊಬ್ಬರಾಗಿ ಎತ್ತಿದರು. ಯಂತ್ರಗಳ ಕೀಲೆಣ್ಣೆ ಇರಬೇಕಾದಷ್ಟು ಇರದಿದ್ದುದು ತನಿಖೆಯಲ್ಲಿ ಕಂಡುಬಂತು. ಯಾರೂ ಸಾಯಲಿಲ್ಲ. ಆ ಸುದ್ದಿ ಬಂದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಅಣ್ಣನು ಆಗಿನ್ನೂ ಹಡಗಿಗೆ ಸೇರಿರಲಿಲ್ಲ. ಈಗಾದರೆ ಅಮ್ಮ ನಿದ್ರೆ ಮಾಡಳು.

ಇನ್ನು ಅಣ್ಣನ ಮಾತಿಗೇ ಬರುತ್ತೇನೆ. ನಾನು ಅಂದು ಮಾತನಾಡದಿರಲು ಕಾರಣವೂ ಅವನೇ.

ನನ್ನ ದೊಡ್ಡಪ್ಪನ ಮಗನು ಅಂಥದೊಂದು ಹಡಗಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಾನೆ. ಬೇಸಗೆಯಲ್ಲಿ ನಾರ್ವೆ, ಚಳಿಗಾಲದಲ್ಲಿ ಬೇರೆ ಕಡಲು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ನನ್ನ ಪುಸ್ತಕ, ವಸತಿ, ಪರೀಕ್ಷೆಯ ಶುಲ್ಕ ಎಲ್ಲವೂ ಅವನ ಸಂಬಳದಿಂದ ಬಂದುವು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲವಷ್ಟೆ. ಬೋಟಿನ ಖಲಾಸಿಯಾದ ಅಪ್ಪನಿಗೆ ಆಗ ದುಡಿಮೆಯಿಲ್ಲ. ಅದೇ ಎರಡು ತಿಂಗಳು ಉತ್ತರದಲ್ಲಿ ವಿಹಾರದ ಸುಗ್ಗಿ. ನಮ್ಮ ಮಳೆಗಾಲದ ಅಕ್ಕಿಯೂ ನಡುರಾತ್ರಿಯ ಸೂರ್ಯನ ಕೃಪೆಯೆಂದರೆ ಅತಿಶಯೋಕ್ತಿಯಲ್ಲ. ಹೀಗಿರುವಾಗ ನಾನು ವಿಹಾರನೌಕೆಯ ಹೊಗೆಯನ್ನು ಖಂಡಿಸುವುದೆಂದರೆ ಉಂಡ ಎಲೆಯನ್ನು ದೂಷಿಸಿದಂತೆ ಎಂದು ಯಾರಾದರೂ ಹೇಳಿದರೆ ನಾನು ಮುಖ ತಿರುಗಿಸಲಾರೆ.

ಕಳೆದ ಸಲ ಊರಿಗೆ ಬಂದಾಗ ಗೈರಾಂಗರ್ ಹೇಗಿದೆ ಎಂದು ಕೇಳಿದೆನು. ಅಣ್ಣ ಸ್ವಲ್ಪ ಯೋಚಿಸಿ, "ಎರಡು ಸಲ ನೋಡಿದೆ ತಂಗಿ. ಚಂದ ಉಂಟು. ತಣ್ಣಗೆ ಗಾಳಿ" ಎಂದನು. ಎಷ್ಟು ಸಲ ಹೋಗಿದ್ದೆ ಎಂದರೆ ಲೆಕ್ಕವಿಟ್ಟಿಲ್ಲವೆಂದನು. ಅವನು ಮಲಗುವ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲ. ದುಡಿಯುವ ಸ್ಥಳದಲ್ಲಿಯೂ ಕಿಟಕಿಯಿಲ್ಲ. ಎಂಟು ತಿಂಗಳು ವಾರದ ರಜೆಯಿಲ್ಲದೆ ಸಾವಿರಾರು ಜನರ ಹಾಸಿಗೆಯ ಬಟ್ಟೆಗಳನ್ನು ಯಂತ್ರಕ್ಕೆ ಹಾಕಿ ತೆಗೆಯುವುದು ಕೆಲಸ. ಇದರಲ್ಲಿ ಕಾನೂನಿನ ಉಲ್ಲಂಘನೆಯಿದೆಯೆಂದು ತಿಳಿಯಬೇಡಿ. 2006ರ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆಯೇ ದಿನಕ್ಕೆ 14, ವಾರಕ್ಕೆ 72 ಗಂಟೆಗಳವರೆಗೆ ದುಡಿಸಬಹುದೆನ್ನುತ್ತದೆ. ಇಂಥ ಹಡಗುಗಳಲ್ಲಿ ಬಹಳಷ್ಟು ಬಹಾಮಾ, ಪನಾಮಾ, ಮಾಲ್ಟಾ ಮೊದಲಾದ ದೇಶಗಳ ಬಾವುಟ ಹೊತ್ತಿರುವುದರಿಂದ, ನಾರ್ವೆಯ ನೀರಿನಲ್ಲಿದ್ದರೂ ಒಳಗಿನ ಸಂಬಳ ನಾರ್ವೆಯ ಸಂಬಳವಲ್ಲ.

ಆದ್ದರಿಂದ ನನ್ನ ಭಿನ್ನಾಭಿಪ್ರಾಯ ಇದು. ಮೇಲಿನ ಅಂತಸ್ತಿನವನಿಗೆ ಫಿಯಾರ್ಡು ಗಾಜಿನಾಚೆಯ ಚಿತ್ರ, ಕೆಳಗಿನ ಅಂತಸ್ತಿನವನಿಗೆ ಯಂತ್ರದ ನಡುಕ. ಇಬ್ಬರೂ ನಾರ್ವೆಯನ್ನು ಕಂಡವರಲ್ಲ. ಇದನ್ನು ಶಿಕ್ಷಣವೆಂದು ಕರೆಯಲು ನನ್ನ ಮನಸ್ಸು ಒಪ್ಪದು. ವಿಶ್ರಾಂತಿಯೆಂದು ಕರೆಯಲಿ, ಭೋಗವೆಂದು ಕರೆಯಲಿ, ದುಡ್ಡಿದ್ದವರು ಮಾಡಲಿ, ಅದರಲ್ಲಿ ಪಾಪವಿಲ್ಲ. ಗೈರಾಂಗರಿನವರು ಹೊಗೆಯನ್ನು ತಡೆಯಲು ಮಿತಿ ಹಾಕಿದರೆ ಅದೂ ಅವರ ಹಕ್ಕು. ಆ ಹಳ್ಳಿ ಅವರದು.

ಇದನ್ನು ನಾನು ಅಣ್ಣನೆದುರು ಹೇಳಿದೆನು. ದೊಡ್ಡ ಹಡಗು ಆ ಕಣಿವೆಗೆ ಹೋಗದಂತಾದರೆ ನಿನ್ನ ಕೆಲಸ? ಎಂದೂ ಕೇಳಿದೆನು. ಅವನು ನಕ್ಕನು. "ಹಡಗು ಅಲ್ಲಿಗೆ ಹೋಗದಿದ್ರೆ ಬೇರೆ ಊರಿಗೆ ಹೋಗ್ತದೆ. ಬಟ್ಟೆ ಎಲ್ಲಿ ಹೋದ್ರೂ ಕೊಳೆಯಾಗ್ತದೆ" ಎಂದನು. ಅವನ ಚಿಂತೆ ಬೇರೆಯೇ ಇತ್ತು. ಮೊದಲ ಸಲ ಸೇರುವಾಗ ಮುಂಬಯಿಯ ಮಧ್ಯವರ್ತಿಯೊಬ್ಬನು ಕೆಲಸ ಕೊಡಿಸಿದ್ದಕ್ಕೆಂದು ಹಣ ಕಿತ್ತಿದ್ದನು. ದೊಡ್ಡಮ್ಮನ ಬಳೆಗಳು ಸೊಸೈಟಿಯಲ್ಲಿ ಅಡವಿಗೆ ಹೋಗಿ ಎರಡು ವರ್ಷ ಅಲ್ಲಿಯೇ ಇದ್ದವು. ಈ ಸಲವೂ ಹೊಸ ಕರಾರಿಗೆ ಅವನು ಹಾಗೆಯೇ ಕೇಳುತ್ತಿದ್ದನು.

ಕರಾರಿನ ಹಾಳೆಗಳನ್ನು ಅಣ್ಣ ನನ್ನ ಮುಂದಿಟ್ಟನು. ಎಲ್ಲವೂ ಇಂಗ್ಲಿಷಿನಲ್ಲಿ. ಇಷ್ಟು ವರ್ಷ ಅವನು ಓದದೆಯೇ ಸಹಿ ಮಾಡಿದ್ದನು. ನಾನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಎರಡು ರಾತ್ರಿ ಕುಳಿತು ಓದಿ ಕನ್ನಡದಲ್ಲಿ ಬರೆದುಕೊಟ್ಟೆನು. ಆ ಒಡಂಬಡಿಕೆಯನ್ನೂ ಹುಡುಕಿ ಓದಿದೆನು. ವೈದ್ಯಕೀಯ ಪ್ರಮಾಣಪತ್ರ, ನಾವಿಕನ ಪುಸ್ತಕ, ಪಾಸ್‌ಪೋರ್ಟ್, ಇವುಗಳ ವೆಚ್ಚವನ್ನುಳಿದು ಕೆಲಸ ಕೊಡಿಸುವುದಕ್ಕಾಗಿ ನಾವಿಕನಿಂದ ಹಣ ಪಡೆಯಕೂಡದೆಂದು ಅದರಲ್ಲಿ ಸ್ಪಷ್ಟವಾಗಿದೆ. ಬಟ್ಟೆ ಒಗೆಯುವವನೂ ಅದರ ಲೆಕ್ಕದಲ್ಲಿ ನಾವಿಕನೇ. ಭಾರತವು 2015ರಲ್ಲಿ ಅದಕ್ಕೆ ಒಪ್ಪಿ ಸಹಿ ಹಾಕಿದೆ. ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಅಣ್ಣನು ಬರುವ ತಿಂಗಳು ಆ ಹಾಳೆಯನ್ನು ಹಿಡಿದು ಮುಂಬಯಿಗೆ ಹೋಗುವವನಿದ್ದಾನೆ.